ತಂತಿ ನುಂಗಿದ ಅರ್ಧ ವೋಲ್ಟು

ಮುಂಗಾರಿನ ಮೀನುಗಾರಿಕಾ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳಲ್ಲಿ ಮಲ್ಪೆಯ ಬಂದರಿಗೆ ಹೋದವರಿಗೆ, ಒತ್ತೊತ್ತಾಗಿ ನಿಂತ ಯಾಂತ್ರಿಕ ದೋಣಿಗಳ ಹೊಟ್ಟೆಯೊಳಗಿನಿಂದ ಸ್ಪ್ಯಾನರುಗಳ ಸದ್ದು ಕೇಳಿಬರುವುದುಂಟು. ತಿಂಗಳುಗಟ್ಟಲೆ ಉಪ್ಪುಗಾಳಿಯನ್ನುಂಡ ಯಂತ್ರಗಳಿಗೆ ಅದೇ ಚಿಕಿತ್ಸೆಯ ಕಾಲ. ಆಗ ಬಿಚ್ಚಿ ನೋಡಬೇಕಾದ ಅಂಗಗಳಲ್ಲೊಂದು, ಡೀಸೆಲ್ ಎಂಜಿನ್ನಿನ ಪಾರ್ಶ್ವದಲ್ಲಿ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್. ಹಳೆಯ ರೂಢಿಯಂತೆ ಹಲವರಿಗೆ ಅದು ಇಂದಿಗೂ ‘ಡೈನಮೊ’.

ಕಾಂತಕ್ಷೇತ್ರವು ಬದಲಾಗುತ್ತಿರುವೆಡೆಯಲ್ಲಿ ತಂತಿಯ ಸುರುಳಿಯಿದ್ದರೆ ಅದರಲ್ಲಿ ವಿದ್ಯುತ್ತು ಹುಟ್ಟುವುದೆಂದು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದರ ಪ್ರಾಣ. ನಿಜವಾದ ಡೈನಮೊದಲ್ಲಿ ವಿದ್ಯುತ್ತನ್ನು ಹುಟ್ಟಿಸುವ ಸುರುಳಿಯೇ ತಿರುಗುತ್ತಿದ್ದುದರಿಂದ ಪ್ರವಾಹದ ಭಾರವೆಲ್ಲ ಕಾರ್ಬನ್ ಬ್ರಷ್ಷುಗಳ ಮೇಲೆಯೇ ಬೀಳುತ್ತಿತ್ತು. ಆಲ್ಟರ್ನೇಟರಿನಲ್ಲಾದರೋ ತಿರುಗುವುದು ಕೆಲವೇ ಆಂಪಿಯರುಗಳಿಂದ ತೃಪ್ತವಾಗುವ ವಿದ್ಯುದಯಸ್ಕಾಂತ, ವಿದ್ಯುತ್ತು ಹುಟ್ಟುವುದು ಅದರ ಸುತ್ತ ನಿಶ್ಚಲವಾಗಿ ಕುಳಿತ ಮೂರು ಸುರುಳಿಗಳಲ್ಲಿ. ಅಲ್ಲಿ ಜನಿಸಿದ ಪರ್ಯಾಯ ಪ್ರವಾಹವನ್ನು ಆರು ಡಯೋಡುಗಳು ಏಕಮುಖವಾಗಿಸುತ್ತವೆ; ಎಂಜಿನ್ನಿನ ವೇಗ ಏರಲಿ ಇಳಿಯಲಿ, ರೆಗ್ಯುಲೇಟರ್ ಎಂಬ ದ್ವಾರಪಾಲಕನು ಅಯಸ್ಕಾಂತದ ಬಲವನ್ನು ಹೆಚ್ಚುಕಡಮೆ ಮಾಡುತ್ತ, 12 ವೋಲ್ಟಿನ ಬ್ಯಾಟರಿಯ ಪೋಷಣೆಗೆ ಬೇಕಾದ ಸುಮಾರು 14.2 ವೋಲ್ಟನ್ನು ಕಾಪಾಡುತ್ತಾನೆ.

ಇಷ್ಟು ಜಾಣ ಯಂತ್ರವನ್ನು ಬದಲಿಸುವಾಗ ಪ್ರಮಾದ ಸಂಭವಿಸುವುದು ಬಹುಮಟ್ಟಿಗೆ ತಂತಿಯ ವಿಷಯದಲ್ಲಿ. ಜಿಪಿಎಸ್, ಮೀನು ಹುಡುಕುವ ಸೋನಾರ್, ವಯರ್‌ಲೆಸ್, ದೀಪಗಳು ಹೆಚ್ಚಿದವೆಂದು ದೊಡ್ಡ ಆಲ್ಟರ್ನೇಟರನ್ನು ತಂದು ಹಳೆಯ ತಂತಿಗೇ ಬಿಗಿದರೆ ಗತಿಯೇನು? 10 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ, ಹೋಗಿಬರುವ ದಾರಿಯೆಲ್ಲ ಸೇರಿ 6 ಮೀಟರ್ ದೂರ 50 ಆಂಪಿಯರ್ ಹರಿದರೆ, ಅರ್ಧ ವೋಲ್ಟು ದಾರಿಯಲ್ಲಿಯೇ ಶಾಖವಾಗಿ ವ್ಯಯವಾಗುವುದು. 25 ಚದರ ಮಿಲಿಮೀಟರಿನ ತಂತಿಯಲ್ಲಿ ಆ ನಷ್ಟ 0.2 ವೋಲ್ಟಿಗೆ ಇಳಿಯುವುದು. ಅರ್ಧ ವೋಲ್ಟು ಅಲ್ಪವೆಂದು ತೋರಬಹುದಾದರೂ, ಅಷ್ಟರಿಂದ ವಂಚಿತವಾಗಿ ಸದಾ ಅರೆಹೊಟ್ಟೆಯಲ್ಲಿರುವ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಗೊಂಡು ಅದರ ಆಯುಷ್ಯವೇ ಕ್ಷಯಿಸುತ್ತದೆ. ಕಡಲಗಾಳಿಗೆ ಬರಿಯ ತಾಮ್ರವು ಹಸುರು ಕಿಲುಬು ಹಿಡಿಯುವುದರಿಂದ, ತವರದ ಲೇಪವುಳ್ಳ ಎಳೆಗಳ ತಂತಿಯೇ ದೋಣಿಗೆ ತಕ್ಕದ್ದು.

ಬಿಚ್ಚುವುದಕ್ಕೆ ಮುನ್ನ ಬ್ಯಾಟರಿಯ ಋಣಾಗ್ರವನ್ನು ಕಳಚತಕ್ಕದ್ದು, ಏಕೆಂದರೆ ಎಂಜಿನ್ ನಿಂತಿದ್ದರೂ ಆಲ್ಟರ್ನೇಟರಿನ ದಪ್ಪ ತಂತಿಯಲ್ಲಿ ಬ್ಯಾಟರಿಯ ಶಕ್ತಿ ಜಾಗೃತವಾಗಿಯೇ ಇರಬಹುದು. ಎಚ್ಚರಿಕೆಯ ದೀಪಕ್ಕೆ ಹೋಗುವ ಸಣ್ಣ ತಂತಿಯನ್ನು ಉಪೇಕ್ಷಿಸಬಾರದು. ಅನೇಕ ಆಲ್ಟರ್ನೇಟರುಗಳಲ್ಲಿ ಆ ದೀಪದ ಮೂಲಕ ಬರುವ ಕಿಂಚಿತ್ ಪ್ರವಾಹವೇ ನಿದ್ರಿಸುವ ಅಯಸ್ಕಾಂತವನ್ನು ಮೊದಲು ಎಬ್ಬಿಸುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಕಳಚಿದರೆ ವೋಲ್ಟೇಜು ಥಟ್ಟನೆ ಚಿಮ್ಮಿ ಡಯೋಡುಗಳು ಸುಟ್ಟುಹೋಗಬಹುದು.

ಕೆಲಸ ಮುಗಿದ ಮೇಲೆ ಎಂಜಿನ್ನನ್ನು ಓಡಿಸಿ, ದೀಪಗಳನ್ನೆಲ್ಲ ಹೊತ್ತಿಸಿ, ವೋಲ್ಟೇಜನ್ನು ಒಮ್ಮೆ ಆಲ್ಟರ್ನೇಟರಿನ ತುದಿಗಳಲ್ಲಿ, ಇನ್ನೊಮ್ಮೆ ಬ್ಯಾಟರಿಯ ತುದಿಗಳಲ್ಲಿ ಅಳೆಯಿರಿ. ಎರಡರ ವ್ಯತ್ಯಾಸವೇ ತಂತಿ ನುಂಗಿದ ಪಾಲು. ಅದು ಅರ್ಧ ವೋಲ್ಟಿನಷ್ಟಿದ್ದರೆ ದಡದಲ್ಲಿರುವಾಗಲೇ ತಂತಿಯನ್ನು ಬದಲಿಸಿರಿ.