ಹಳೆಯ ಕಾರಿನ ಬೆಲೆ, ಹೊಸ ಕಾರಿನ ತೆರಿಗೆ

ದುಬಾರಿ ಸ್ಪೋರ್ಟ್ಸ್ ಕಾರನ್ನು ಷೋರೂಮಿಗೆ ಒಪ್ಪಿಸಿ, ಅದರ ಬದಲಿಗೆ ಕಡಿಮೆ ಬೆಲೆಯ ಕಾರನ್ನು ಪಡೆದು, ಉಳಿದ ಹಣವನ್ನು ಖಾತೆಗೆ ಜಮಾ ಮಾಡಿಸಿಕೊಳ್ಳುವುದು ನೋಡುವವರಿಗೆ ಒಂದೇ ವ್ಯವಹಾರವಾಗಿ ಕಂಡರೂ, ತೆರಿಗೆ ಕಾನೂನು ಅದನ್ನು ಎರಡು ವ್ಯವಹಾರಗಳಾಗಿ ಬಿಡಿಸಿ ನೋಡುತ್ತದೆ. ಕೈಯಿಂದ ಒಂದು ರೂಪಾಯಿಯೂ ಹೋಗದೆ ಹಣವೇ ಮರಳಿ ಬರುತ್ತಿರುವಾಗ ಮಾರಾಟ ತೆರಿಗೆ ಏಕೆ ಕಟ್ಟಬೇಕು ಎಂಬ ಪ್ರಶ್ನೆ ಇಂತಹ ಮಾಲೀಕರಲ್ಲಿ ಸಹಜವಾಗಿಯೇ ಏಳುತ್ತದೆ. ಕೋಗಿಲು, ಯಲಹಂಕ, ಹೆಬ್ಬಾಳದಂತಹ ಉತ್ತರ ಬೆಂಗಳೂರಿನ ಬಡಾವಣೆಗಳಲ್ಲಿ ಕೆಎ-50 ಅಥವಾ ಕೆಎ-04 ಫಲಕ ಹೊತ್ತ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಡಲು ಹೊರಟವರಿಗೆ ಈ ಪ್ರಶ್ನೆಯ ಉತ್ತರ ಲಕ್ಷಾಂತರ ರೂಪಾಯಿಗಳ ಲೆಕ್ಕಕ್ಕೆ ಸಂಬಂಧಿಸಿದ್ದಾಗಿದೆ.

ಹಿಂದಿನ ಮಾರಾಟ ತೆರಿಗೆಯ ಕಾಲದಲ್ಲಿ ಈ ಪ್ರಶ್ನೆಗೆ ಕಾನೂನಿನ ಬಲವೂ ಸ್ವಲ್ಪಮಟ್ಟಿಗೆ ಇತ್ತು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾರಾಟವೆಂದರೆ ಹಣದ ರೂಪದ ಬೆಲೆಗೆ ಸರಕಿನ ಒಡೆತನವನ್ನು ವರ್ಗಾಯಿಸುವುದು. ರಾಜ್ಯಗಳು ವಿಧಿಸುವ ಮಾರಾಟ ತೆರಿಗೆಗೂ ಇದೇ ಅರ್ಥ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1958ರಲ್ಲಿ ಗ್ಯಾನನ್ ಡಂಕರ್ಲಿ ಪ್ರಕರಣದಲ್ಲಿ ಹೇಳಿತು. ಹಾಗಾಗಿ ವಸ್ತುವಿಗೆ ವಸ್ತುವನ್ನೇ ಕೊಡುವ ವಿನಿಮಯವನ್ನು ಮಾರಾಟವೆಂದು ಕರೆಯಬಹುದೇ ಎಂಬ ತಕರಾರಿಗೆ ಅವಕಾಶ ಉಳಿದಿತ್ತು. ಕರ್ನಾಟಕದಲ್ಲಿ 1957ರ ಮಾರಾಟ ತೆರಿಗೆ ಕಾಯ್ದೆಯ ಜಾಗಕ್ಕೆ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಅಥವಾ ಜಿಎಸ್‌ಟಿ ಜಾರಿಯಾದಾಗ ತೆರಿಗೆಯ ಆಧಾರವೇ ಬದಲಾಯಿತು. ಜಿಎಸ್‌ಟಿ ಬೀಳುವುದು ಮಾರಾಟದ ಮೇಲಲ್ಲ, 'ಪೂರೈಕೆ'ಯ ಮೇಲೆ. ಕಾಯ್ದೆಯ 7ನೇ ಸೆಕ್ಷನ್ ಮಾರಾಟದ ಜೊತೆಗೆ ವಸ್ತು ವಿನಿಮಯ ಮತ್ತು ಅದಲುಬದಲನ್ನೂ ಪೂರೈಕೆಯೆಂದೇ ಎಣಿಸಿದ್ದರಿಂದ ಹಳೆಯ ತಕರಾರಿಗೆ ಎಡೆಯಿಲ್ಲದಂತಾಯಿತು.

ಇನ್ನು ಉಳಿಯುವುದು ಯಾವ ಮೊತ್ತದ ಮೇಲೆ ತೆರಿಗೆ ಎಂಬ ಪ್ರಶ್ನೆ. ಜಿಎಸ್‌ಟಿ ನಿಯಮಾವಳಿಯ 27ನೇ ನಿಯಮವು ಬೆಲೆಯ ಒಂದು ಭಾಗ ಹಣವಾಗಿಯೂ ಇನ್ನೊಂದು ಭಾಗ ವಸ್ತುವಾಗಿಯೂ ಸಂದಾಯವಾದರೆ ಮುಕ್ತ ಮಾರುಕಟ್ಟೆ ಮೌಲ್ಯವನ್ನು, ಅಂದರೆ ಅದೇ ಸರಕಿಗೆ ಪೂರ್ತಿ ಹಣವನ್ನೇ ಕೊಡುವ ಹೊರಗಿನ ಗ್ರಾಹಕ ತೆರುವ ಬೆಲೆಯನ್ನು ಹಿಡಿಯಬೇಕೆಂದು ಹೇಳುತ್ತದೆ. ನಿಯಮದೊಳಗೇ ಕೊಟ್ಟಿರುವ ಉದಾಹರಣೆಯಲ್ಲಿ ಹಳೆಯ ಫೋನಿನ ಜೊತೆ 20,000 ರೂಪಾಯಿಗೆ ಸಿಗುವ ಹೊಸ ಫೋನಿಗೆ, ಎಕ್ಸ್‌ಚೇಂಜ್ ಇಲ್ಲದೆ 24,000 ರೂಪಾಯಿ ಬೆಲೆಯಿದ್ದರೆ, ಅದರ ಮುಕ್ತ ಮಾರುಕಟ್ಟೆ ಮೌಲ್ಯ 24,000 ರೂಪಾಯಿಯೇ ಆಗಿದೆ. ಕಾರಿಗೂ ಇದೇ ಸೂತ್ರ ಅನ್ವಯವಾಗುವುದರಿಂದ ಹಳೆಯ ವಾಹನಕ್ಕೆ ಕಟ್ಟಿದ ಬೆಲೆ ಹೊಸ ವಾಹನದ ತೆರಿಗೆಯ ಲೆಕ್ಕದಲ್ಲಿ ಕಳೆಯುವುದಿಲ್ಲ.

ಒಂದು ಕಲ್ಪಿತ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಕೋಗಿಲಿನ ಮಾಲೀಕರೊಬ್ಬರ ಸ್ಪೋರ್ಟ್ಸ್ ಕಾರಿಗೆ ಡೀಲರ್ 30 ಲಕ್ಷ ರೂಪಾಯಿ ಬೆಲೆ ಕಟ್ಟಿದ್ದಾರೆ, ಅವರು ಕೊಳ್ಳಲಿರುವ ಚಿಕ್ಕ ಕಾರಿನ ತೆರಿಗೆಪೂರ್ವ ಬೆಲೆ 8 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಬಹುದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ, ನಾಲ್ಕು ಮೀಟರ್ ಮೀರದ ಉದ್ದದ ಹಾಗೂ 1200 ಸಿಸಿ ಮೀರದ ಎಂಜಿನ್ನಿನ ಪೆಟ್ರೋಲ್ ಕಾರಿಗೆ ಶೇ 18 ಜಿಎಸ್‌ಟಿ ಇದೆ. ಅದರಂತೆ ತೆರಿಗೆ 1,44,000 ರೂಪಾಯಿ ಮತ್ತು ಒಟ್ಟು ಬೆಲೆ 9,44,000 ರೂಪಾಯಿ ಆಗುತ್ತದೆ. ವಿಮೆ ಮತ್ತು ನೋಂದಣಿಯ ಖರ್ಚನ್ನು ಬದಿಗಿಟ್ಟರೆ ಮಾಲೀಕರಿಗೆ 20,56,000 ರೂಪಾಯಿ ಮರಳಿ ಬರುತ್ತದೆಯಾದರೂ, 1,44,000 ರೂಪಾಯಿಯ ತೆರಿಗೆಯಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಅವರಿಗೆ ಸಿಗುವ ಲಾಭವೆಂದರೆ ಕೆಳಗಿನ ದರ ಮಾತ್ರ, ಏಕೆಂದರೆ ದೊಡ್ಡ ಎಂಜಿನ್ನಿನ ಹೊಸ ಸ್ಪೋರ್ಟ್ಸ್ ಕಾರಿಗೆ ಈಗ ಶೇ 40ರ ದರವಿದೆ.

ಎರಡನೆಯ ವ್ಯವಹಾರ ಹಳೆಯ ಕಾರಿನದು. ಸ್ವಂತ ಬಳಕೆಯ ಕಾರನ್ನು ಮಾರುವ ಸಾಮಾನ್ಯ ವ್ಯಕ್ತಿ ವ್ಯಾಪಾರ ಮಾಡುತ್ತಿಲ್ಲವಾದ ಕಾರಣ ಆ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಜನರು ಹಳೆಯ ಚಿನ್ನವನ್ನು ಅಂಗಡಿಗೆ ಮಾರುವ ಕುರಿತು ಕೇಂದ್ರ ಹಣಕಾಸು ಸಚಿವಾಲಯ 2017ರ ಜುಲೈನಲ್ಲಿ ಕೊಟ್ಟ ವಿವರಣೆಯಲ್ಲೇ ಹಳೆಯ ಕಾರು ಮತ್ತು ದ್ವಿಚಕ್ರ ವಾಹನಗಳಿಗೂ ಇದೇ ತತ್ತ್ವ ಎಂಬ ಮಾತು ಬಂದಿತ್ತು. ಡೀಲರ್ ಅದೇ ಕಾರನ್ನು ಮತ್ತೊಬ್ಬರಿಗೆ ಮಾರಿದಾಗ ಮಾತ್ರ ತೆರಿಗೆ ಬೀಳುತ್ತದೆ, ಅದೂ ಪೂರ್ತಿ ಬೆಲೆಯ ಮೇಲಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ. ಈ ಅಂತರಕ್ಕೆ ವ್ಯಾಪಾರಿಗಳು ಮಾರ್ಜಿನ್ ಎನ್ನುತ್ತಾರೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿಯ 55ನೇ ಸಭೆಯ ಶಿಫಾರಸಿನಂತೆ, ಅಲ್ಲಿಯವರೆಗೆ ಚಿಕ್ಕ ಕಾರುಗಳಿಗೆ ಶೇ 12, ದೊಡ್ಡವಕ್ಕೆ ಶೇ 18 ಇದ್ದ ದರ 2025ರ ಜನವರಿ 16ರಿಂದ ಎಲ್ಲ ಹಳೆಯ ವಾಹನಗಳಿಗೂ ಶೇ 18 ಆಗಿದೆ. ಮೇಲಿನ ಲೆಕ್ಕದ ಡೀಲರ್ ಆ ಸ್ಪೋರ್ಟ್ಸ್ ಕಾರನ್ನು 33 ಲಕ್ಷಕ್ಕೆ ಮಾರಿದರೆ 3 ಲಕ್ಷದ ಮಾರ್ಜಿನ್ ಮೇಲೆ 54,000 ರೂಪಾಯಿ ತೆರಿಗೆಯಾಗುತ್ತದೆ. 28 ಲಕ್ಷಕ್ಕೆ ಮಾರಿ ನಷ್ಟ ಅನುಭವಿಸಿದರೆ ತೆರಿಗೆಯೇ ಇರುವುದಿಲ್ಲ.

ಕಾರು ಜಿಎಸ್‌ಟಿ ನೋಂದಣಿಯಿರುವ ಕಂಪನಿಯ ಹೆಸರಿನಲ್ಲಿದ್ದರೆ ಲೆಕ್ಕ ಬೇರೆಯಾಗುತ್ತದೆ. ಕಂಪನಿಯು ಆದಾಯ ತೆರಿಗೆಯಲ್ಲಿ ಸವಕಳಿಯನ್ನು, ಅಂದರೆ ಬಳಕೆಯಿಂದ ವಾಹನದ ಮೌಲ್ಯ ವರ್ಷವರ್ಷವೂ ಕುಗ್ಗುವುದಕ್ಕೆ ಸಿಗುವ ಕಡಿತವನ್ನು ಪಡೆದಿದ್ದರೆ, ಸವಕಳಿ ಕಳೆದು ಉಳಿದ ಪುಸ್ತಕ ಮೌಲ್ಯಕ್ಕಿಂತ ಮಾರಾಟದ ಬೆಲೆ ಎಷ್ಟು ಹೆಚ್ಚೋ ಅಷ್ಟರ ಮೇಲೆ ಕಂಪನಿಯೇ ಶೇ 18 ಕಟ್ಟಬೇಕು. ಪುಸ್ತಕದಲ್ಲಿ 20 ಲಕ್ಷಕ್ಕೆ ಇಳಿದಿರುವ ಕಾರು ಎಕ್ಸ್‌ಚೇಂಜ್‌ನಲ್ಲಿ 30 ಲಕ್ಷಕ್ಕೆ ಹೋದರೆ 1,80,000 ರೂಪಾಯಿಯ ಹೊಣೆ ಬರುತ್ತದೆ. ಸ್ಪೋರ್ಟ್ಸ್ ಕಾರುಗಳನ್ನು ಕಂಪನಿಯ ಹೆಸರಿನಲ್ಲಿ ಕೊಳ್ಳುವವರು ಈ ಅಂಶವನ್ನು ಮೊದಲೇ ಎಣಿಸಿಕೊಳ್ಳಬೇಕಾಗುತ್ತದೆ.

ಜಿಎಸ್‌ಟಿಯ ಹೊರಗೆ ನಿಲ್ಲುವ ಇನ್ನೊಂದು ದೊಡ್ಡ ಬಾಬ್ತು ರಾಜ್ಯದ ಜೀವಿತಾವಧಿ ತೆರಿಗೆ. 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆಯಡಿ ಹೊಸ ಕಾರಿನ ಬೆಲೆ 5 ಲಕ್ಷದವರೆಗಿದ್ದರೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18ರ ದರ ಇದ್ದು, ಅದರ ಮೇಲೆ ಸೆಸ್ ಸೇರುತ್ತದೆ. ಇಲ್ಲಿಯೂ ಹಳೆಯ ಕಾರಿನ ಬೆಲೆಗೆ ಕಡಿತವಿಲ್ಲ. ಹಳೆಯ ಕಾರಿಗೆ ಕಟ್ಟಿದ ತೆರಿಗೆ ರಾಜ್ಯದೊಳಗೆ ಮಾರಾಟವಾದಾಗ ಮಾಲೀಕರಿಗೆ ಮರಳದೆ ಕಾರಿನೊಂದಿಗೇ ಹೋಗುತ್ತದೆ. ಈ ತೆರಿಗೆಯ ಭಾರದಿಂದ ತಪ್ಪಿಸಿಕೊಳ್ಳಲು ಬೇರೆ ರಾಜ್ಯದಲ್ಲಿ ನೋಂದಾಯಿಸಿದ ದುಬಾರಿ ಕಾರುಗಳು ಬೆಂಗಳೂರಿನಲ್ಲಿ ಓಡಾಡುತ್ತಿರುವುದನ್ನು ಕಂಡು ಸಾರಿಗೆ ಇಲಾಖೆ 2025ರ ಫೆಬ್ರುವರಿಯಲ್ಲಿ ಸುಮಾರು 30 ಕಾರುಗಳನ್ನು ವಶಪಡಿಸಿಕೊಂಡಿತ್ತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದೇ ಫೆರಾರಿಯಿಂದ ಸುಮಾರು 1.42 ಕೋಟಿ ರೂಪಾಯಿ ವಸೂಲಾಯಿತು. ಇಂತಹ ಬಾಕಿಯಿರುವ ಕಾರನ್ನು ಎಕ್ಸ್‌ಚೇಂಜ್‌ಗೆ ತಂದರೆ ಡೀಲರ್ ಅದನ್ನು ಬೆಲೆಯಲ್ಲೇ ಮುರಿದುಕೊಳ್ಳುವುದು ಸಹಜ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಬೇರೆಯೇ ಅನುಭವವಾಗುವುದುಂಟು. ಟೆಕ್ಸಾಸ್‌ನಲ್ಲಿ ಕಾರಿನ ಮೇಲಿನ ಶೇ 6.25ರ ಮಾರಾಟ ತೆರಿಗೆಯನ್ನು ಹಳೆಯ ಕಾರಿನ ಬೆಲೆ ಕಳೆದು ಉಳಿದ ಮೊತ್ತಕ್ಕೆ ಮಾತ್ರ ಲೆಕ್ಕಹಾಕುತ್ತಾರಾದ್ದರಿಂದ, ಹೊಸದಕ್ಕಿಂತ ಹಳೆಯದೇ ಹೆಚ್ಚು ಬೆಲೆಬಾಳಿದರೆ ತೆರಿಗೆ ಸೊನ್ನೆಗೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಇಂತಹ ಕಡಿತವಿಲ್ಲದೆ ಪೂರ್ತಿ ಬೆಲೆಗೇ ತೆರಿಗೆ ಬೀಳುತ್ತದೆ. ಟೆಕ್ಸಾಸ್‌ನ ಕ್ರಮ ಹೆಚ್ಚು ಉದಾರವೆಂದು ಮೇಲ್ನೋಟಕ್ಕೆ ಅನ್ನಿಸಿದರೂ, ಅಲ್ಲಿ ಆ ಹಳೆಯ ಕಾರನ್ನು ಕೊಳ್ಳುವ ಮುಂದಿನ ಗ್ರಾಹಕ ಡೀಲರನ ಮಾರ್ಜಿನ್ನಿಗಷ್ಟೇ ಅಲ್ಲದೆ ಕಾರಿನ ಬೆಲೆಗೇ ತೆರಿಗೆ ತೆರಬೇಕು. ಒಮ್ಮೆ ತೆರಿಗೆ ತೆತ್ತ ವಸ್ತುವಿಗೆ ಮತ್ತೆ ಪೂರ್ತಿ ತೆರಿಗೆ ಬೀಳಬಾರದೆಂಬ ಉದ್ದೇಶ ಎರಡೂ ಕಡೆ ಒಂದೇ; ಟೆಕ್ಸಾಸ್ ಆ ರಿಯಾಯಿತಿಯನ್ನು ಹೊಸ ಕಾರನ್ನು ಕೊಳ್ಳುವವನ ಕೈಗೆ ಕೊಟ್ಟರೆ, ಭಾರತ ಅದನ್ನು ಹಳೆಯ ಕಾರಿನ ಮರುಮಾರಾಟದಲ್ಲಿ ಕೊಡುತ್ತದೆ.

ಇದರಿಂದ ಕೋಗಿಲಿನ ಮಾಲೀಕರಿಗೆ ಪ್ರಯೋಜನವಾಗುವ ಒಂದು ತೀರ್ಮಾನ ಹೊರಡುತ್ತದೆ. ಟೆಕ್ಸಾಸ್‌ನಲ್ಲಿ ಹಳೆಯ ಕಾರನ್ನು ಹೊಸದು ಕೊಳ್ಳುವ ಷೋರೂಮಿಗೇ ಕೊಡುವುದರಲ್ಲಿ ತೆರಿಗೆಯ ಉಳಿತಾಯವಿದೆ. ಕರ್ನಾಟಕದಲ್ಲಿ ಅಂತಹ ಉಳಿತಾಯವಿಲ್ಲದ ಕಾರಣ, ಹೆಚ್ಚು ಬೆಲೆ ಕೊಡುವ ಬೇರೆ ಡೀಲರಿಗೋ ನೇರವಾಗಿ ಗ್ರಾಹಕರಿಗೋ ಮಾರಿದರೂ ತೆರಿಗೆಯಲ್ಲಿ ಕಳೆದುಕೊಳ್ಳುವುದೇನೂ ಇರುವುದಿಲ್ಲ. ಆದ್ದರಿಂದ ಹೊರಗೆ ಸಿಗುವ ಬೆಲೆ ಷೋರೂಮಿನ ಬೆಲೆ ಮತ್ತು ಎಕ್ಸ್‌ಚೇಂಜ್ ಬೋನಸ್‌ಗಳ ಮೊತ್ತವನ್ನು ಮೀರುತ್ತದೆಯೇ ಎಂಬುದೊಂದೇ ನೋಡಬೇಕಾದ ಲೆಕ್ಕ. ಎಕ್ಸ್‌ಚೇಂಜನ್ನೇ ಆರಿಸಿಕೊಂಡವರು ಹೊಸ ಕಾರಿನ ತೆರಿಗೆ ಬಿಲ್ಲನ್ನೂ ಹಳೆಯ ಕಾರಿನ ಖರೀದಿ ಪತ್ರವನ್ನೂ ಬೇರೆಬೇರೆಯಾಗಿಯೇ ಪಡೆದುಕೊಂಡು, ಆರ್‌ಸಿ ವರ್ಗಾವಣೆಯ ದಾಖಲೆಗಳನ್ನು ಪೂರ್ತಿಗೊಳಿಸಿಕೊಳ್ಳುವುದು ಸೂಕ್ತ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ಅಧಿಕೃತ ಡೀಲರಿಗೆ ಕಾರು ಒಪ್ಪಿಸಿದ ಮಾಹಿತಿಯನ್ನು ನಮೂನೆ 29ಸಿ ಮೂಲಕ ದಾಖಲಿಸಿದರೆ ಡೀಲರನೇ ಅದರ ಮಾಲೀಕನೆಂದು ಪರಿಗಣಿತನಾಗಿ, ನಂತರದ ಹೊಣೆಗಳು ಹಿಂದಿನ ಮಾಲೀಕರ ಹೆಗಲಿಂದ ಇಳಿಯುತ್ತವೆ.