ನಂಜುರೋಗ ತಡೆಯುವ ಮೆಕ್ಕೆಜೋಳ: ಕೆನ್ಯಾದ ಅನುಭವ ಮತ್ತು ಬೀಜೋದ್ಯಮ

ಕೋಳಿ ಆಹಾರ, ಪಿಷ್ಟ ಹಾಗೂ ಎಥೆನಾಲ್ ತಯಾರಿಕೆಗೆ ಮೆಕ್ಕೆಜೋಳವು ಮುಖ್ಯ ಕಚ್ಚಾಮಾಲು. ದಾವಣಗೆರೆ, ಹಾವೇರಿ, ಶಿವಮೊಗ್ಗ ಭಾಗದ ಮಾರುಕಟ್ಟೆಗಳಲ್ಲಿ ಇದರ ಆವಕ ಏರಿಳಿತವಾದರೆ ಕಾರ್ಖಾನೆಗಳ ಲೆಕ್ಕಾಚಾರವೂ ಬದಲಾಗುತ್ತದೆ. ಮಳೆ ಕೈಕೊಟ್ಟ ವರ್ಷ ಆವಕ ಕುಸಿಯುವುದನ್ನು ವರ್ತಕರು ಬಲ್ಲರು. ಆದರೆ ಮಳೆ ಸಕಾಲಕ್ಕೆ ಬಂದು ಪೈರು ಹುಲುಸಾಗಿರುವಾಗಲೇ ನಂಜುರೋಗವೊಂದು ಇಡೀ ಬೆಳೆಯನ್ನು ಕಸಿದುಕೊಳ್ಳಬಲ್ಲದು ಎಂಬುದನ್ನು ಪೂರ್ವ ಆಫ್ರಿಕದ ಕೆನ್ಯಾ ದೇಶವು ಕಂಡಿದೆ. ಅಲ್ಲಿ ರೋಗಕ್ಕೆ ಪರಿಹಾರ ಕಂಡುಕೊಂಡ ಬಗೆಯು ಬೀಜ ವ್ಯಾಪಾರದಲ್ಲಿ ತೊಡಗಿರುವ ಎಲ್ಲರೂ ಅರಿಯಬೇಕಾದದ್ದು.

ರೋಗದ ಸ್ವರೂಪ

2011ರಲ್ಲಿ ಕೆನ್ಯಾದ ಬೊಮೆಟ್ ಪ್ರದೇಶದಲ್ಲಿ ಮೆಕ್ಕೆಜೋಳದ ಎಲೆಗಳು ಹಳದಿಗೆ ತಿರುಗಿ, ಅಂಚಿನಿಂದ ಒಳಮುಖವಾಗಿ ಒಣಗತೊಡಗಿದವು. ತೆನೆಗಳಲ್ಲಿ ಕಾಳು ಕಟ್ಟಲಿಲ್ಲ. ಅನೇಕ ಹೊಲಗಳು ಸಂಪೂರ್ಣ ನಾಶವಾದವು. ಇದು ‘ಮೇಯ್ಜ್ ಲೀಥಲ್ ನೆಕ್ರೋಸಿಸ್’, ಸಂಕ್ಷಿಪ್ತವಾಗಿ ಎಂ.ಎಲ್.ಎನ್. ರೋಗವೆಂದು ತಿಳಿದುಬಂತು. 1976ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಮೊದಲು ಗುರುತಿಸಲಾಗಿದ್ದ ರೋಗವೇ ಇದು. ಮುಂದಿನ ಮೂರು ವರ್ಷಗಳಲ್ಲಿ ಟಾಂಜಾನಿಯಾ, ಉಗಾಂಡಾ, ರುವಾಂಡಾ, ಇಥಿಯೋಪಿಯಾ ದೇಶಗಳಲ್ಲಿಯೂ ಕಾಣಿಸಿಕೊಂಡಿತು. 2013ರಲ್ಲಿ ಕೆನ್ಯಾ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳವನ್ನು, ಅಂದರೆ ತನ್ನ ಸರಾಸರಿ ಉತ್ಪಾದನೆಯ ಐದನೆಯ ಒಂದು ಭಾಗಕ್ಕೂ ಹೆಚ್ಚನ್ನು, ಕಳೆದುಕೊಂಡಿತೆಂದು ಅಂದಾಜು ಮಾಡಲಾಗಿದೆ.

ಈ ರೋಗವು ಒಂದೇ ವೈರಸ್‌ನಿಂದ ಬರುವುದಿಲ್ಲ. ಮೇಯ್ಜ್ ಕ್ಲೋರೋಟಿಕ್ ಮಾಟಲ್ ವೈರಸ್ ಜೊತೆಗೆ ಇನ್ನೊಂದು ವೈರಸ್, ಸಾಮಾನ್ಯವಾಗಿ ಕಬ್ಬಿನ ಮೊಸಾಯಿಕ್ ವೈರಸ್, ಒಂದೇ ಗಿಡವನ್ನು ಹೊಕ್ಕಾಗ ಅದು ಮಾರಕವಾಗುತ್ತದೆ. ಮೊದಲನೆಯದನ್ನು ಥ್ರಿಪ್ಸ್ ಹಾಗೂ ದುಂಬಿಗಳು, ಎರಡನೆಯದನ್ನು ಸಸ್ಯಹೇನುಗಳು ಗಿಡದಿಂದ ಗಿಡಕ್ಕೆ ಸಾಗಿಸುತ್ತವೆ. ರೋಗ ತಗುಲಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ. ಕೀಟನಾಶಕದಿಂದ ಹರಡುವಿಕೆ ಸ್ವಲ್ಪ ತಗ್ಗಬಹುದು. ಬೆಳೆ ಪರಿವರ್ತನೆಯಿಂದ ನಂಜಿನ ಸರಪಳಿ ತುಂಡಾಗಬಹುದು. ಆದರೂ ಸಣ್ಣ ರೈತರಿಗೆ ಶಾಶ್ವತ ರಕ್ಷಣೆ ದೊರೆಯಬೇಕಾದರೆ ಅದು ಬೀಜದಲ್ಲಿಯೇ ಇರಬೇಕು.

ನಿರೋಧಕ ತಳಿಯ ಶೋಧ

ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸುಧಾರಣಾ ಕೇಂದ್ರವು (ಸಿಮಿಟ್) ಕೆನ್ಯಾದ ಕೃಷಿ ಸಂಶೋಧನಾ ಸಂಸ್ಥೆಯೊಡನೆ 2013ರಲ್ಲಿ ನೈವಾಷಾ ಎಂಬಲ್ಲಿ ತಳಿ ಪರೀಕ್ಷಾ ಕೇಂದ್ರವನ್ನು ತೆರೆಯಿತು. ಅಲ್ಲಿ ಎರಡೂ ವೈರಸ್‌ಗಳನ್ನು ಪ್ರತ್ಯೇಕವಾಗಿ ಬೆಳೆಸಿದ ಗಿಡಗಳ ರಸವನ್ನು ಬೆರೆಸಿ, ಪರೀಕ್ಷೆಗೊಳಪಡುವ ಸಸಿಗಳ ಮೇಲೆ ಸಿಂಪಡಿಸಲಾಗುತ್ತದೆ. ಬಳಿಕ ಪ್ರತಿ ತಳಿಗೂ 1ರಿಂದ 9ರವರೆಗೆ ಅಂಕ ನೀಡಲಾಗುತ್ತದೆ. 1 ಎಂದರೆ ಆರೋಗ್ಯವಂತ ಗಿಡ, 9 ಎಂದರೆ ಸತ್ತ ಗಿಡ. ಆಗ ಮಾರುಕಟ್ಟೆಯಲ್ಲಿದ್ದ ಸಂಕರಣ ತಳಿಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ಸೋತವು.

ಗಟ್ಟಿಯಾದ ನಿರೋಧಕ ಶಕ್ತಿ ದೊರೆತದ್ದು ಥಾಯ್ಲೆಂಡ್ ಮೂಲದ ‘ಕೆ.ಎಸ್.23’ ಬಳಗದ ತಳಿಗಳಲ್ಲಿ. ಅವುಗಳ ಆರನೆಯ ವರ್ಣತಂತುವಿನಲ್ಲಿರುವ ಒಂದು ಭಾಗವೇ ಈ ಶಕ್ತಿಯ ಪ್ರಧಾನ ನೆಲೆ. ಆದರೆ ಇಲ್ಲೊಂದು ತೊಡಕಿದೆ. ಈ ಗುಣವು ದುರ್ಬಲ ಗುಣವಾದ್ದರಿಂದ ತಂದೆ, ತಾಯಿ ಎರಡೂ ತಳಿಗಳಲ್ಲಿ ಇದ್ದಾಗ ಮಾತ್ರ ಸಂಕರಣ ಬೀಜದಲ್ಲಿ ಪ್ರಕಟವಾಗುತ್ತದೆ. ಬೀಜ ಕಂಪನಿಯು ಒಂದು ಜನಕ ತಳಿಯನ್ನು ಮಾತ್ರ ಬದಲಿಸಿದರೆ ಸಾಲದು, ಎರಡನ್ನೂ ಬದಲಿಸಬೇಕು. ಜೊತೆಗೆ ಇಳುವರಿಯಾಗಲಿ ಸ್ಥಳೀಯ ಹೊಂದಾಣಿಕೆಯಾಗಲಿ ಕೆಡಬಾರದು.

ಇದಕ್ಕಾಗಿ ಆಫ್ರಿಕದ ಉತ್ತಮ ತಳಿಗಳನ್ನು ನಿರೋಧಕ ತಳಿಯೊಡನೆ ಸಂಕರಿಸಿ, ಹುಟ್ಟಿದ ಪೀಳಿಗೆಯನ್ನು ಮತ್ತೆ ಮತ್ತೆ ಮೂಲ ತಳಿಯೊಡನೆ ಕೂಡಿಸಲಾಯಿತು. ನಿರೋಧಕ ಗುಣ ಯಾವ ಸಸಿಯಲ್ಲಿದೆ ಎಂಬುದನ್ನು ಡಿ.ಎನ್.ಎ. ಗುರುತುಗಳ ಮೂಲಕ ಎಳವೆಯಲ್ಲಿಯೇ ತಿಳಿಯಬಹುದು. ಶುದ್ಧ ಒಳತಳಿ ಪಡೆಯಲು ಸಾಂಪ್ರದಾಯಿಕ ವಿಧಾನದಲ್ಲಿ ಆರರಿಂದ ಎಂಟು ಪೀಳಿಗೆ ಬೇಕು. ‘ಡಬಲ್ಡ್ ಹ್ಯಾಪ್ಲಾಯ್ಡ್’ ವಿಧಾನದಲ್ಲಿ ಎರಡೇ ಸಾಕು. ಉಗಾಂಡಾದಲ್ಲಿ ‘ಬಝೂಕಾ’ ಹೆಸರಿನ ರೋಗಸಹಿಷ್ಣು ಸಂಕರಣ ಬೀಜವು ಮಾರುಕಟ್ಟೆಗೆ ಬಂದಿತು. ಕೆನ್ಯಾದಲ್ಲಿಯೂ ಇಂಥ ತಳಿಗಳು ಬಿಡುಗಡೆಯಾದವು.

ಬೀಜದ ಶುದ್ಧತೆ

ನಿರೋಧಕ ತಳಿಯಷ್ಟೇ ಮುಖ್ಯವಾದುದು ರೋಗಮುಕ್ತ ಬೀಜ. 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಗ್ರಸ್ತ ಗಿಡಗಳ ಬೀಜದಿಂದ ಬೆಳೆಸಿದ 42,000 ಸಸಿಗಳಲ್ಲಿ ಕೇವಲ 17ರಲ್ಲಿ ಕ್ಲೋರೋಟಿಕ್ ಮಾಟಲ್ ವೈರಸ್ ಕಂಡಿತು. ಈ ಪ್ರಮಾಣ ನಗಣ್ಯವೆನಿಸಬಹುದು. ಆದರೆ ಹೆಕ್ಟೇರಿಗೆ 60,000 ಗಿಡಗಳಿದ್ದರೆ ಅದೇ ಲೆಕ್ಕದಂತೆ ಸುಮಾರು 24 ಗಿಡಗಳು ರೋಗದ ಮೂಲವಾಗುತ್ತವೆ. ಅಲ್ಲಿಂದ ಮುಂದಿನ ಕೆಲಸವನ್ನು ಕೀಟಗಳು ಮಾಡುತ್ತವೆ. ಹೀಗೆ ಒಂದು ಲಾಟಿನ ಬೀಜವು ಗಡಿ ದಾಟಿ ಹೊಸ ದೇಶಕ್ಕೆ ರೋಗವನ್ನು ಒಯ್ಯಬಲ್ಲದು.

ನಮ್ಮ ಉದ್ಯಮಕ್ಕೆ ಇದರ ಅರ್ಥ

ಕೆನ್ಯಾದಂಥ ಹಾವಳಿ ಭಾರತದಲ್ಲಿ ಸಂಭವಿಸಿಲ್ಲ. ಆದರೆ ಕ್ಲೋರೋಟಿಕ್ ಮಾಟಲ್ ವೈರಸ್ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಇರುವುದು 2011ರಲ್ಲಿ ವರದಿಯಾಗಿದೆ. ಆದ್ದರಿಂದ ವಿದೇಶದಿಂದ ಬಿತ್ತನೆ ಬೀಜ ತರಿಸುವವರು 2003ರ ಸಸ್ಯ ಸಂಪರ್ಕನಿಷೇಧ ಆದೇಶದನ್ವಯ ಬೇಕಾದ ಪರವಾನಗಿ ಹಾಗೂ ಸಸ್ಯಾರೋಗ್ಯ ಪ್ರಮಾಣಪತ್ರಗಳನ್ನು ಬರಿಯ ಕಾಗದಪತ್ರದ ಕಿರಿಕಿರಿಯೆಂದು ಭಾವಿಸಬಾರದು.

ಸಿದ್ಧತೆಗೆ ಸಾಧನವೂ ಹತ್ತಿರದಲ್ಲಿದೆ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಹಾಗೂ ಸಿಮಿಟ್ ಜೊತೆಗೂಡಿ ಸ್ಥಾಪಿಸಿದ ಡಬಲ್ಡ್ ಹ್ಯಾಪ್ಲಾಯ್ಡ್ ಕೇಂದ್ರವು 2021ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಸ್ವಂತ ಪ್ರಯೋಗಾಲಯವಿಲ್ಲದ ಸಣ್ಣ ಬೀಜ ಸಂಸ್ಥೆಗಳಿಗೆ ಇಂಥ ಸೌಲಭ್ಯವು ವಿಶೇಷವಾಗಿ ಉಪಯುಕ್ತ.

ರೋಗವು ಒಂದು ಹಂಗಾಮಿನಲ್ಲಿ ಹೊಲವನ್ನು ಬರಿದು ಮಾಡುತ್ತದೆ; ಅದನ್ನು ತಾಳುವ ತಳಿ ರೂಪುಗೊಳ್ಳಲು ವೇಗದ ವಿಧಾನದಲ್ಲಿಯೂ ಹಲವು ವರ್ಷ ಬೇಕು. ಗೋದಾಮಿಗೆ ವಿಮೆ ಮಾಡಿಸುವ ವರ್ತಕನು ಬೆಂಕಿ ಬೀಳುವವರೆಗೆ ಕಾಯುವುದಿಲ್ಲ. ತಳಿ ಅಭಿವೃದ್ಧಿಗೆ ಹಾಕುವ ಬಂಡವಾಳವನ್ನೂ ಅದೇ ದೃಷ್ಟಿಯಿಂದ ಕಾಣುವುದು ಯುಕ್ತ.