ಕಂಪನ, ದಣಿವು ಮತ್ತು ಕಿವಿ: ಪರಮಾಣು ಸ್ಥಾವರದ ಕೊಳವೆಗಳ ಪರೀಕ್ಷೆ

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಅದನ್ನು ಎತ್ತಿ ಹಿಡಿದು ಬೆರಳಿನಿಂದ ತಟ್ಟಿ ಕಿವಿಗೊಟ್ಟು ಆಲಿಸುತ್ತಾಳೆ. ನಾದ ತುಂಬಿ ಬಂದರೆ ಗಡಿಗೆ ಗಟ್ಟಿ. ಒಡಕು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕು ಅದರಲ್ಲಿದೆ ಎಂದರ್ಥ. ಪರಮಾಣು ಸ್ಥಾವರದ ಎಂಜಿನಿಯರು ಸಂವೇದಕವನ್ನು ಅಂಟಿಸಿದ ಕೊಳವೆಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಅದರ ಸಹಜ ಆವೃತ್ತಿಯನ್ನು ಗುರುತಿಸುವುದು ಇದೇ ವಿವೇಕದ ಶಾಸ್ತ್ರೀಯ ರೂಪ. ಆದರೆ ಆತ ಹುಡುಕುವುದು ಈಗಾಗಲೇ ಇರುವ ಬಿರುಕನ್ನಲ್ಲ, ಮುಂದೆ ಹುಟ್ಟಬಹುದಾದ ಬಿರುಕನ್ನು. ಈ ವ್ಯತ್ಯಾಸವು ಗಮನಾರ್ಹವಾದುದು.

ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತ ಹೋದರೆ ಅದು ಕೊನೆಗೆ ತುಂಡಾಗುತ್ತದೆ. ಒಂದೇ ಸಲಕ್ಕೆ ಮುರಿಯಲಾರದ ಅಲ್ಪ ಬಲವೂ ಕೋಟಿ ಸಲ ಮರುಕಳಿಸಿದಾಗ ಲೋಹವನ್ನು ಸೀಳಬಲ್ಲದು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲಿನ ಅಚ್ಚುಗಳನ್ನು ಕುರಿತು ಜರ್ಮನಿಯ ಆಗಸ್ಟ್ ವೋಲರ್ ನಡೆಸಿದ ಪ್ರಯೋಗಗಳು ಈ 'ದಣಿವಿ'ನ ಅಧ್ಯಯನಕ್ಕೆ ತಳಹದಿ ಹಾಕಿದವು. ಕಸುವು ಕುಂದಿದ ಎತ್ತಿಗೆ ಸಲ್ಲುವ ಮಾತು ಕಬ್ಬಿಣಕ್ಕೂ ಸಂದದ್ದು ಭಾಷೆಯ ದೃಷ್ಟಿಯಿಂದಲೂ ಸ್ವಾರಸ್ಯಕರವಾಗಿದೆ.

ಪಂಪಿನ ದಂಡವು ಸೆಕೆಂಡಿಗೆ 25 ಸುತ್ತು ತಿರುಗುವುದೆಂದೂ ಅದರ ಚಕ್ರಕ್ಕೆ ಐದು ಅಲಗುಗಳಿವೆಯೆಂದೂ ಭಾವಿಸಿದರೆ, ನೀರು ಸೆಕೆಂಡಿಗೆ 125 ಸಲ ಮಿಡಿಯುತ್ತದೆ. ಒಂದು ದಿನಕ್ಕೆ ಈ ಮಿಡಿತಗಳು ಒಂದು ಕೋಟಿಯನ್ನು ದಾಟುತ್ತವೆ. ಕೊಳವೆಯ ಸಹಜ ಆವೃತ್ತಿಯೂ ಅದಕ್ಕೆ ಸಮೀಪವಾಗಿದ್ದರೆ ಅನುರಣನ ಉಂಟಾಗಿ ಕಂಪನ ಹಲವು ಪಟ್ಟು ಬೆಳೆಯುತ್ತದೆ. ಹಾಗೆಂದು ಮೊದಲು ಸೋಲುವುದು ದಪ್ಪನೆಯ ಮುಖ್ಯ ಕೊಳವೆಯಲ್ಲ. ಅದರಿಂದ ಕವಲೊಡೆದು, ತುದಿಯಲ್ಲಿ ಭಾರವಾದ ಕವಾಟವನ್ನು ಹೊತ್ತ ಕಿರುಗೊಳವೆಯ ಬುಡದ ಬೆಸುಗೆಯೇ ಅಪಾಯದ ತಾಣ. ಆ ಬೆಸುಗೆಯ ಕಾಲನ್ನು ಕಿರುಗೊಳವೆಯ ಉದ್ದಕ್ಕೆ ಇಮ್ಮಡಿ ಚಾಚಿದರೆ ಅದರ ತಾಳಿಕೆ ಹೆಚ್ಚುತ್ತದೆ. ಕಿರುಗೊಳವೆಗೆ ಆಸರೆ ಕೊಡುವಾಗ ನೆಲಕ್ಕಿಂತ ಮುಖ್ಯ ಕೊಳವೆಗೇ ಬಿಗಿಯುವುದು ಲೇಸು. ತಾಯಿಯೂ ಮಗುವೂ ಒಟ್ಟಿಗೆ ಅಲುಗಿದರೆ ಬುಡದ ಮೇಲೆ ಎಳೆತವಿರುವುದಿಲ್ಲ.

ಇಂತಹ ದಣಿವಿನಲ್ಲಿ ಆಯುಷ್ಯದ ಬಹುಪಾಲು ಬಿರುಕು ಹುಟ್ಟುವುದರಲ್ಲೇ ಕಳೆದುಹೋಗುತ್ತದೆ. ಹುಟ್ಟಿದ ಬಳಿಕ ಉಳಿಯುವ ಕಾಲ ಅತ್ಯಲ್ಪ. ಆದುದರಿಂದ ವರ್ಷಕ್ಕೊಮ್ಮೆ ಬಿರುಕನ್ನು ಅರಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಕಂಪನದ ವೇಗವನ್ನು ಅಳೆದು, ಅದರಿಂದ ಲೋಹದಲ್ಲಿ ಉಂಟಾಗುವ ಪೀಡನವನ್ನು ಲೆಕ್ಕಹಾಕಿ, ಅದು ಲೋಹದ ತಾಳಿಕೆಯ ಮಿತಿಯೊಳಗಿದೆಯೇ ಎಂದು ಪರಿಶೀಲಿಸುವುದೇ ಯುಕ್ತವಾದ ಕ್ರಮ.

ಈ ಲೆಕ್ಕ ತಪ್ಪಿದಾಗ ಆಗುವುದನ್ನು ಜಪಾನಿನ ಮೊಂಜು ತೋರಿಸಿತು. ಬೋಧಿಸತ್ವ ಮಂಜುಶ್ರೀಯ ಹೆಸರು ಹೊತ್ತ ಆ ಸ್ಥಾವರದಲ್ಲಿ 1995ರ ಡಿಸೆಂಬರ್ 8ರಂದು, ದ್ರವ ಸೋಡಿಯಂ ಹರಿಯುವ ಎರಡನೆಯ ಮಂಡಲದ ಕೊಳವೆಯೊಳಗೆ ಚಾಚಿಕೊಂಡಿದ್ದ ಉಷ್ಣಮಾಪಕದ ಕವಚವು ಮುರಿಯಿತು. ಹರಿವು ಎಬ್ಬಿಸಿದ ಸುಳಿಗಳು ಕವಚವನ್ನು ನಡುಗಿಸುತ್ತಿದ್ದವು. ಅದು ದಪ್ಪದಿಂದ ಸಪೂರಕ್ಕೆ ಥಟ್ಟನೆ ಇಳಿಯುವ ಮೆಟ್ಟಿಲಿನ ಮೂಲೆಯಲ್ಲಿ ಪೀಡನ ಒಟ್ಟುಗೂಡಿತ್ತು. ಸುಮಾರು 640 ಕಿಲೋಗ್ರಾಂ ಸೋಡಿಯಂ ಸೋರಿ ಹೊತ್ತಿ ಉರಿಯಿತು. ವಿಕಿರಣ ಹೊರಬೀಳಲಿಲ್ಲವಾದರೂ, ಘಟನೆಯ ಕೆಲವು ವಿಡಿಯೊ ದೃಶ್ಯಗಳನ್ನು ಮರೆಮಾಚಿದ್ದು ಬಯಲಾದಾಗ ಜನರ ನಂಬಿಕೆ ಕುಸಿಯಿತು. ಮೊಂಜುವನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನ 2016ರಲ್ಲಿ ಹೊರಬಿತ್ತು. ಲೋಹದ ಬಲಹೀನತೆಗಿಂತ ಆಕಾರದ ಅವಿವೇಕವೇ ಇಲ್ಲಿ ದೊಡ್ಡ ದೋಷವೆಂದು ಹೇಳಬೇಕಾಗುತ್ತದೆ.

ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಪ್ರತಿ ರಿಯಾಕ್ಟರಿನ 306 ನಾಳಗಳ ಎರಡು ತುದಿಗಳಿಗೂ ಭಾರಜಲದ ಕೊಳವೆಗಳು ಜೋಡಿಸಿಕೊಂಡಿವೆ. ಅಲ್ಲಿನ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಸ್ಥಾಪಿಸಿತು. ಸೆಕೆಂಡಿಗೆ 25 ಸುತ್ತಿನ ಪಂಪು ಅಷ್ಟು ದಿನಗಳಲ್ಲಿ 207 ಕೋಟಿಗೂ ಹೆಚ್ಚು ಸುತ್ತು ತಿರುಗಿರುತ್ತದೆ. ದಾಖಲೆಯ ಹೆಮ್ಮೆಯ ಹಿಂದೆ ಈ ಎಣಿಕೆಯೂ ಇದೆ.

ಯಂತ್ರಶಾಲೆಗಳಲ್ಲಿ ಬೇರಿಂಗಿನ ಮೇಲೆ ಲೋಹದ ಸಲಾಕೆಯನ್ನು ಊರಿ, ಅದರ ಇನ್ನೊಂದು ತುದಿಗೆ ಕಿವಿಯಾನಿಸಿ ರೋಗ ಹೇಳುವ ಹಿರಿಯ ಕೆಲಸಗಾರರು ಇಂದಿಗೂ ಇದ್ದಾರೆ. ಸಂವೇದಕ ಸಂಖ್ಯೆಯನ್ನು ಕೊಡುತ್ತದೆ; ನಿನ್ನೆಯ ಸದ್ದಿಗೂ ಇಂದಿನ ಸದ್ದಿಗೂ ಇರುವ ಅಂತರಕ್ಕೆ ಅವರು ಹೆಸರಿಡುತ್ತಾರೆ. ವೃತ್ತಿ ಜಾನಪದದ ಸಂಗ್ರಹಕಾರರು ಕಮ್ಮಾರಸಾಲೆಯಿಂದ ಮುಂದೆ ಬಂದು, ಪಂಪುಕೋಣೆಯ ಈ ಪದಸಂಪತ್ತನ್ನು ಅವರು ನಿವೃತ್ತರಾಗುವ ಮುನ್ನ ದಾಖಲಿಸಬೇಕಾಗಿದೆ.